ತಆನಿತ್ ಮತ್ತು ತೆಶುವಾ: ಯಹೂದಿಗಳ ಉಪವಾಸಕ್ಕೆ ಇರುವ ಅರ್ಥ

ನಮ್ಮ ‘ಉಪವಾಸ’ ಪದವನ್ನು ಬಿಡಿಸಿದರೆ ‘ಹತ್ತಿರ ವಾಸ ಮಾಡುವುದು’ ಎಂದಾಗುತ್ತದೆ. ಅದರಲ್ಲಿ ಊಟದ ಸುದ್ದಿಯೇ ಇಲ್ಲ. ಹೀಬ್ರೂವಿನಲ್ಲಿ ಇದಕ್ಕೆ ಎರಡು ಪದಗಳಿವೆ. ‘ತ್ಸೋಮ್’ ಎಂದರೆ ನೇರವಾಗಿ ಅನ್ನ ನೀರು ಬಿಡುವುದು. ‘ತಆನಿತ್’ ಹುಟ್ಟಿದ್ದು ತಗ್ಗಿಸು, ಕುಗ್ಗಿಸು ಎಂಬ ಅರ್ಥದ ಧಾತುವಿನಿಂದ. ವರ್ಷದ ಅತಿ ದೊಡ್ಡ ಉಪವಾಸವಾದ ಯೋಮ್ ಕಿಪ್ಪುರ್ ಬಗ್ಗೆ ಹೀಬ್ರೂ ಬೈಬಲಿನ ಯಾಜಕಕಾಂಡದ 16 ಮತ್ತು 23ನೇ ಅಧ್ಯಾಯಗಳು ಆಜ್ಞೆ ಕೊಡುವಾಗ ‘ಊಟ ಬಿಡಿ’ ಎನ್ನುವುದಿಲ್ಲ; ‘ನಿಮ್ಮ ನೆಫೆಶ್ ಅನ್ನು ತಗ್ಗಿಸಿಕೊಳ್ಳಿ’ ಎನ್ನುತ್ತವೆ. ನೆಫೆಶ್ ಎಂದರೆ ಪ್ರಾಣ, ಜೀವ. ಹಳೆಯ ಹೀಬ್ರೂವಿನಲ್ಲಿ ಗಂಟಲು, ಹಸಿವು ಎಂಬ ಅರ್ಥಗಳೂ ಅದಕ್ಕಿವೆ. ಬಯಸುವ, ನುಂಗುವ, ಇನ್ನಷ್ಟು ಬೇಕೆನ್ನುವ ಜೀವವನ್ನು ಒಂದು ದಿನ ಕೆಳಗೆ ಕೂರಿಸುವುದೇ ತಆನಿತ್.

ಕೂರಿಸಿ ಏನು ಮಾಡಬೇಕು? ಅದಕ್ಕೆ ಉತ್ತರ ಇನ್ನೊಂದು ಪದದಲ್ಲಿದೆ: ‘ತೆಶುವಾ’. ಇದನ್ನು ಪಶ್ಚಾತ್ತಾಪ ಎಂದು ಅನುವಾದಿಸುವುದುಂಟು, ಆದರೆ ಅದು ಅರ್ಧ ಅರ್ಥವಷ್ಟೇ. ಧಾತುವಿನ ಅರ್ಥ ‘ಹಿಂದಿರುಗು’. ದಾರಿ ತಪ್ಪಿದವನು ಬಂದ ದಾರಿಯಲ್ಲೇ ತಿರುಗಿ ಮನೆಗೆ ಬರುವುದು. ಯಹೂದಿ ಧರ್ಮದಲ್ಲಿ ಉಪವಾಸ ಸಾಧನ, ತೆಶುವಾ ಗುರಿ. ಈ ಕ್ರಮ ತಲೆಕೆಳಗಾದರೆ ಉಪವಾಸ ಬರಿಯ ಹಸಿವಾಗುತ್ತದೆ ಎಂಬುದನ್ನು ಅವರ ಗ್ರಂಥಗಳೇ ಮತ್ತೆ ಮತ್ತೆ ಹೇಳುತ್ತವೆ. ನಿನೆವೆ ಎಂಬ ನಗರದ ಜನ ಗೋಣಿತಟ್ಟು ಉಟ್ಟು ಉಪವಾಸವಿದ್ದ ಕಥೆ ಬೈಬಲಿನ ಯೋನನ ಪುಸ್ತಕದಲ್ಲಿದೆ. ದೇವರು ಅವರ ಗೋಣಿತಟ್ಟನ್ನೂ ಉಪವಾಸವನ್ನೂ ಕಂಡನೆಂದು ಅಲ್ಲಿ ಬರೆದಿಲ್ಲ, ಅವರು ಕೆಟ್ಟ ದಾರಿ ಬಿಟ್ಟು ತಿರುಗಿದ್ದನ್ನು ಕಂಡನೆಂದು ಬರೆದಿದೆ ಎಂದು ಯಹೂದಿ ಧರ್ಮನಿಯಮಗಳ ಪ್ರಾಚೀನ ಸಂಗ್ರಹವಾದ ಮಿಷ್ನಾ ಬೊಟ್ಟುಮಾಡಿ ತೋರಿಸುತ್ತದೆ. ಆ ಪುಸ್ತಕವನ್ನು ಯೋಮ್ ಕಿಪ್ಪುರ್ ದಿನ ಮಧ್ಯಾಹ್ನದ ಪ್ರಾರ್ಥನೆಯಲ್ಲಿ, ಹೊಟ್ಟೆ ಚುರುಗುಟ್ಟುವ ಹೊತ್ತಿನಲ್ಲೇ, ಪೂರ್ತಿಯಾಗಿ ಓದುತ್ತಾರೆ. ಬೆಳಗ್ಗೆ ಓದುವ ಪ್ರವಾದಿ ಯೆಶಾಯನ ಪುಸ್ತಕದ ಭಾಗ ಇನ್ನೂ ನಿಷ್ಠುರ: ಉಪವಾಸವಿದ್ದುಕೊಂಡೇ ಕೂಲಿಯವರನ್ನು ಹಿಂಡುತ್ತೀರಿ, ಜಗಳವಾಡುತ್ತೀರಿ; ಹಸಿದವನೊಡನೆ ರೊಟ್ಟಿ ಹಂಚಿಕೊಳ್ಳುವುದೇ ನಾನು ಮೆಚ್ಚುವ ಉಪವಾಸ ಎಂಬುದು ಅದರ ಸಾರ. ‘ಉಪವಾಸದ ಫಲ ಇರುವುದು ದಾನದಲ್ಲಿ’ ಎಂಬ ಮಾತು ಮಿಷ್ನಾದ ಮೇಲಿನ ಚರ್ಚೆಗಳ ಗ್ರಂಥವಾದ ತಾಲ್ಮುದ್‌ನಲ್ಲಿದೆ. ಅದರಂತೆ, ಬಿಟ್ಟ ಊಟದ ಖರ್ಚನ್ನು ಲೆಕ್ಕಹಾಕಿ ಬಡವರಿಗೆ ಕೊಡುವವರಿದ್ದಾರೆ.

ಯೋಮ್ ಕಿಪ್ಪುರ್ ಬರುವುದು ಯಹೂದಿ ಪಂಚಾಂಗದ ತಿಶ್ರಿ ತಿಂಗಳ 10ರಂದು. 2026ರಲ್ಲಿ ಸೆಪ್ಟೆಂಬರ್ 20ರ ಸಂಜೆಯಿಂದ 21ರ ರಾತ್ರಿಯವರೆಗೆ. ಸೂರ್ಯಾಸ್ತಕ್ಕೆ ಸ್ವಲ್ಪ ಮೊದಲೇ ಶುರುವಾಗಿ ಮರುದಿನ ನಕ್ಷತ್ರ ಕಾಣುವವರೆಗೆ, ಒಟ್ಟು ಸುಮಾರು 25 ಗಂಟೆ. ನೀರೂ ಇಲ್ಲ. ನಮ್ಮ ನಿರ್ಜಲ ಏಕಾದಶಿಯನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಊಟ-ನೀರಿನ ಜೊತೆಗೆ ಸ್ನಾನ, ಮೈಗೆ ಎಣ್ಣೆ-ಲೇಪನ, ಚರ್ಮದ ಪಾದರಕ್ಷೆ, ದಾಂಪತ್ಯ ಸಂಬಂಧ ಇವೂ ವರ್ಜ್ಯ. ಹಾಗಾಗಿಯೇ ಆ ದಿನ ಅವರ ಪ್ರಾರ್ಥನಾಮಂದಿರವಾದ ಸಿನಗಾಗ್‌ನಲ್ಲಿ ಬಿಳಿ ಬಟ್ಟೆ ತೊಟ್ಟ ಹಿರಿಯರ ಕಾಲಲ್ಲಿ ಬಟ್ಟೆಯ ಶೂ, ರಬ್ಬರ್ ಚಪ್ಪಲಿ ಕಾಣುತ್ತವೆ. ಕಡ್ಡಾಯ ಹುಡುಗಿಯರಿಗೆ 12, ಹುಡುಗರಿಗೆ 13 ತುಂಬಿದ ಮೇಲೆ. ಅದಕ್ಕೂ ಒಂದೆರಡು ವರ್ಷ ಮೊದಲು ಕೆಲವು ಗಂಟೆಗಳ ಮಟ್ಟಿಗೆ ರೂಢಿ ಮಾಡಿಸುತ್ತಾರೆ.

ಹಿಂದಿನ ದಿನ ಚೆನ್ನಾಗಿ ಉಣ್ಣುವುದು ಕೂಡ ಆಜ್ಞೆಯೇ. 9ರಂದು ಉಂಡು ಕುಡಿದವನು 9 ಮತ್ತು 10 ಎರಡೂ ದಿನ ಉಪವಾಸವಿದ್ದಂತೆ ಎಂದು ತಾಲ್ಮುದ್ ಹೇಳುತ್ತದೆ. ದೇಹವನ್ನು ದ್ವೇಷಿಸುವ ವ್ರತ ಇದಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಎಡವಟ್ಟಾಗುವುದೂ ಇಲ್ಲೇ. ಉಪವಾಸಕ್ಕೆ ಮುಂಚಿನ ಕೊನೆಯ ಊಟದಲ್ಲಿ ಉಪ್ಪು, ಖಾರ, ಕರಿದದ್ದು ಹೆಚ್ಚಾದರೆ ರಾತ್ರಿಯೇ ಬಾಯಾರಿಕೆ ಹತ್ತುತ್ತದೆ. ನೀರನ್ನೆಲ್ಲ ಕೊನೆಯ ಹತ್ತು ನಿಮಿಷದಲ್ಲಿ ಗಟಗಟ ಕುಡಿದರೆ ಅದು ಮೂತ್ರವಾಗಿ ಹೋಗುತ್ತದೆ. ಬೆಳಗಿನಿಂದಲೇ ಸ್ವಲ್ಪಸ್ವಲ್ಪವಾಗಿ ಕುಡಿಯಬೇಕು. ದಿನಕ್ಕೆ ನಾಲ್ಕು ಕಾಫಿ ಕುಡಿಯುವವರು ದಿಢೀರನೆ ಬಿಟ್ಟರೆ ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯುತ್ತದೆ. ಅದು ಹಸಿವಿನ ನೋವಲ್ಲ, ಕೆಫೀನ್ ಸಿಗದ ನೋವು. ನಾಲ್ಕೈದು ದಿನ ಮೊದಲೇ ಒಂದೊಂದು ಲೋಟ ಇಳಿಸುತ್ತ ಬರುವುದೇ ಇದಕ್ಕೆ ಪರಿಹಾರ.

ಕಾಯಿಲೆಯವರ ವಿಷಯದಲ್ಲಿ ಧರ್ಮಶಾಸ್ತ್ರದ ನಿಲುವು ಬಹಳ ಸ್ಪಷ್ಟ: ಜೀವ ಉಳಿಸುವುದು ಉಪವಾಸಕ್ಕಿಂತ ಮೇಲು. ಊಟದ ಅಗತ್ಯವಿಲ್ಲ ಎಂದು ವೈದ್ಯರು ಹೇಳಿದರೂ ರೋಗಿ ‘ನನಗೆ ಊಟ ಬೇಕು’ ಎಂದರೆ ರೋಗಿಯ ಮಾತನ್ನೇ ಕೇಳಬೇಕು, ಏಕೆಂದರೆ ಹೃದಯದ ಕಹಿ ಹೃದಯಕ್ಕೇ ಗೊತ್ತು. ಅಪಾಯವಿದ್ದೂ ಹಠ ಹಿಡಿದು ಉಪವಾಸ ಮಾಡಿದರೆ ಅದು ಭಕ್ತಿಯಲ್ಲ, ಅಪರಾಧ. ಸ್ವಲ್ಪ ಸ್ವಲ್ಪ ತಿಂದರೆ ಸಾಕಾಗುವವರಿಗೆ ‘ಶಿಉರಿಮ್’, ಅಂದರೆ ಅಳತೆ, ಎಂಬ ಕ್ರಮವಿದೆ. ಮಿಷ್ನಾದ ಪ್ರಕಾರ ಉಪವಾಸ ಮುರಿಯುವುದು ಬೀಜ ಸಮೇತ ಒಂದು ದೊಡ್ಡ ಖರ್ಜೂರದಷ್ಟು ತಿಂದಾಗ, ಅಥವಾ ಒಂದು ಕೆನ್ನೆ ತುಂಬುವಷ್ಟು ಕುಡಿದಾಗ. ಅದಕ್ಕಿಂತ ಕಡಿಮೆ ತಿಂದು, ನಡುವೆ ಬಿಡುವು ಕೊಟ್ಟರೆ ಪೂರ್ತಿ ಮುರಿದಂತಾಗದು. ಇಂದು ರೂಢಿಯಲ್ಲಿರುವ ಲೆಕ್ಕ, ಒಂದು ಸಲಕ್ಕೆ ಸುಮಾರು 30 ಮಿಲಿಲೀಟರ್ ಆಹಾರ, ಮತ್ತೆ ಒಂಬತ್ತು ನಿಮಿಷ ಬಿಟ್ಟು ಇನ್ನೊಂದು ಸಲ. ಕೆನ್ನೆಯ ಅಳತೆ ಮುಖದಿಂದ ಮುಖಕ್ಕೆ ಬೇರೆ. ಹಿಂದಿನ ದಿನವೇ ಬಾಯಲ್ಲಿ ಒಂದು ಕೆನ್ನೆ ನೀರು ತುಂಬಿ ಲೋಟಕ್ಕೆ ಉಗುಳಿ ಗುರುತು ಹಾಕಿಕೊಳ್ಳುತ್ತಾರೆ, ಮರುದಿನ ಅದಕ್ಕಿಂತ ಕೆಳಗೆ ಕುಡಿಯುತ್ತಾರೆ. ವೈದ್ಯರನ್ನೂ ಧರ್ಮಗುರುವಾದ ರಬ್ಬಿಯನ್ನೂ ಮುಂಚೆಯೇ ಕೇಳಿ ನಿರ್ಧರಿಸುವುದು ಕ್ರಮ. ಇಷ್ಟೂ ಸಾಲದ ರೋಗಿ ನೇರವಾಗಿ ಉಣ್ಣಬೇಕು, ತಪ್ಪಿತಸ್ಥ ಭಾವನೆಯಿಲ್ಲದೆ.

ಇನ್ನು ತೆಶುವಾ ಮಾಡುವ ಬಗೆ. 12ನೇ ಶತಮಾನದ ಯಹೂದಿ ಪಂಡಿತ ಮೈಮೊನಿಡಿಸ್ ಇದನ್ನು ಶಾಸ್ತ್ರವಾಗಿಯೇ ಬರೆದಿಟ್ಟರು: ತಪ್ಪನ್ನು ಬಿಡುವುದು, ಮತ್ತೆ ಮಾಡೆನೆಂದು ನಿಶ್ಚಯಿಸುವುದು, ಆದದ್ದಕ್ಕೆ ಮರುಗುವುದು, ಬಾಯಿ ಬಿಟ್ಟು ಹೇಳುವುದು. ಹೇಳುವುದಕ್ಕೆ ‘ವಿದ್ದುಯ್’ ಎಂದು ಹೆಸರು. ಹೀಬ್ರೂ ವರ್ಣಮಾಲೆಯ ಕ್ರಮದಲ್ಲಿ ತಪ್ಪುಗಳ ಪಟ್ಟಿ ಸಾಗುತ್ತದೆ, ಒಂದೊಂದು ಪದಕ್ಕೂ ಮುಷ್ಟಿಯಿಂದ ಎದೆಗೆ ಮೆಲ್ಲನೆ ತಟ್ಟಿಕೊಳ್ಳುತ್ತಾರೆ. ‘ನಾನು’ ಎಂಬ ಮಾತಿಲ್ಲ, ಎಲ್ಲವೂ ‘ನಾವು’. ಕಳ್ಳತನ ಮಾಡದವನೂ ‘ನಾವು ಕದ್ದೆವು’ ಎನ್ನುತ್ತಾನೆ, ಏಕೆಂದರೆ ಊರಿನ ತಪ್ಪಿನಲ್ಲಿ ಅವನಿಗೂ ಪಾಲಿದೆ. ಪೂರ್ಣ ತೆಶುವಾಕ್ಕೆ ಮೈಮೊನಿಡಿಸ್ ಕೊಡುವ ಪರೀಕ್ಷೆ ನನಗೆ ತುಂಬಾ ಸತ್ಯವೆನಿಸುತ್ತದೆ. ಅದೇ ಸಂದರ್ಭ, ಅದೇ ಅವಕಾಶ, ಅದೇ ಶಕ್ತಿ ಮತ್ತೆ ಒದಗಿಬಂದಾಗಲೂ ಆ ತಪ್ಪು ಮಾಡದೆ ನಿಲ್ಲಬೇಕು.

ಮನುಷ್ಯ ಮನುಷ್ಯನಿಗೆ ಮಾಡಿದ ತಪ್ಪನ್ನು ಯೋಮ್ ಕಿಪ್ಪುರ್ ತೊಳೆಯುವುದಿಲ್ಲ, ನೊಂದವರನ್ನು ಸಮಾಧಾನ ಮಾಡುವವರೆಗೆ. ಇದು ಮಿಷ್ನಾದ ಮಾತು. ಹಣ ಬಾಕಿಯಿದ್ದರೆ ಮೊದಲು ಹಣ ಹಿಂದಿರುಗಿಸಬೇಕು, ಆಮೇಲೆ ಕ್ಷಮೆ ಕೇಳಬೇಕು. ಒಪ್ಪದಿದ್ದರೆ ಮೂವರು ಸ್ನೇಹಿತರನ್ನು ಕರೆದುಕೊಂಡು ಹೋಗಿ ಮತ್ತೆ ಕೇಳಬೇಕು, ಹೀಗೆ ಮೂರು ಬಾರಿಯವರೆಗೆ. ನೊಂದವರು ತೀರಿಹೋಗಿದ್ದರೆ ಹತ್ತು ಜನರೊಡನೆ ಸಮಾಧಿಯ ಬಳಿ ನಿಂತು ತಪ್ಪೊಪ್ಪಿಕೊಳ್ಳಬೇಕು. ಉಪವಾಸದ ಮುನ್ನಾದಿನ ‘ಏನಾದರೂ ನೋವಾಗಿದ್ದರೆ ಕ್ಷಮಿಸಿ’ ಎಂದು ಎಲ್ಲರಿಗೂ ಒಂದೇ ಸಂದೇಶ ಕಳಿಸಿ ಕೈತೊಳೆದುಕೊಳ್ಳುವುದು ಈಗ ಸಾಮಾನ್ಯ. ನಿಜವಾಗಿ ನೊಂದ ಒಬ್ಬರಿಗೆ ಅದು ತಲುಪಿದರೂ ತಟ್ಟುವುದಿಲ್ಲ. ಆದ್ದರಿಂದಲೇ ಕಾಲಾವಕಾಶ ಉದ್ದವಾಗಿದೆ. ತಿಶ್ರಿಗೆ ಮುಂಚಿನ ಎಲೂಲ್ ತಿಂಗಳ ಆರಂಭದಿಂದ ಲೆಕ್ಕ ಹಾಕಿದರೆ 40 ದಿನ. ಆ ತಿಂಗಳ ಬೆಳಗಿನ ಪ್ರಾರ್ಥನೆಯಲ್ಲಿ ಟಗರಿನ ಕೊಂಬಿನ ಶೋಫಾರ್ ಊದಿ ಎಚ್ಚರಿಸುತ್ತಾರೆ. ಯಹೂದಿ ಹೊಸ ವರ್ಷದಿಂದ ಯೋಮ್ ಕಿಪ್ಪುರ್ ತನಕದ ಕೊನೆಯ ಹತ್ತು ದಿನ ತೆಶುವಾಕ್ಕೇ ಮೀಸಲು.

ವರ್ಷದಲ್ಲಿ ಬೇರೆ ಉಪವಾಸಗಳೂ ಇವೆ. ಆವ್ ತಿಂಗಳ 9ರದು, ಕ್ರಿ.ಪೂ. 586 ಮತ್ತು ಕ್ರಿ.ಶ. 70ರಲ್ಲಿ ಜೆರುಸಲೇಮಿನ ದೇವಾಲಯಗಳು ನಾಶವಾದದ್ದಕ್ಕೆ ಶೋಕ. ಅದೂ 25 ಗಂಟೆ, ನೆಲದ ಮೇಲೋ ತಗ್ಗಿನ ಮಣೆಯ ಮೇಲೋ ಕೂರುತ್ತಾರೆ. ಉಳಿದವು ಬೆಳಗಿನ ಜಾವದಿಂದ ರಾತ್ರಿಯವರೆಗಿನ ಚಿಕ್ಕ ಉಪವಾಸಗಳು. ಅವು ವಾರದ ವಿಶ್ರಾಂತಿ ದಿನವಾದ ಶನಿವಾರದ ಸಬ್ಬತ್‌ಗೆ ಬಿದ್ದರೆ ದಿನ ಬದಲಾಗುತ್ತದೆ. ಯೋಮ್ ಕಿಪ್ಪುರ್ ಮಾತ್ರ ಜಾಗ ಬಿಟ್ಟು ಕದಲುವುದಿಲ್ಲ. ಸ್ವಂತ ಇಚ್ಛೆಯಿಂದ ಇನ್ನೂ ಹೆಚ್ಚು ಉಪವಾಸ ಮಾಡುವವನು ಪಾಪಿಯೋ ಪವಿತ್ರನೋ ಎಂಬುದರ ಬಗ್ಗೆ ತಾಲ್ಮುದ್‌ನಲ್ಲೇ ಎರಡು ಅಭಿಪ್ರಾಯಗಳಿವೆ.

ನಮ್ಮ ಪಕ್ಕದ ಕೊಂಕಣದ ಬೆನೆ ಇಸ್ರೇಲ್ ಯಹೂದಿಗಳು ಯೋಮ್ ಕಿಪ್ಪುರನ್ನು ಮರಾಠಿಯಲ್ಲಿ ‘ಬಾಗಿಲು ಮುಚ್ಚುವ ಹಬ್ಬ’ ಎಂಬರ್ಥದ ಹೆಸರಿನಿಂದ ಕರೆಯುತ್ತಿದ್ದರು. ಆ ದಿನದ ಕೊನೆಯ ಪ್ರಾರ್ಥನೆಯ ಹೆಸರಾದ ‘ನೆಇಲಾ’ ಕೂಡ ಬಾಗಿಲು ಮುಚ್ಚುವುದನ್ನೇ ಹೇಳುತ್ತದೆ. ಧರ್ಮಗ್ರಂಥವಾದ ತೋರಾದ ಸುರುಳಿಗಳನ್ನು ಇಡುವ ಕಪಾಟು ತೆರೆದೇ ಇರುತ್ತದೆ, 24 ಗಂಟೆ ಹಸಿದವರು ಎದ್ದು ನಿಂತಿರುತ್ತಾರೆ. ಹತ್ತು ದಿನದಿಂದ ‘ಜೀವದ ಪುಸ್ತಕದಲ್ಲಿ ನಮ್ಮನ್ನು ಬರೆ’ ಎಂದು ಬೇಡಿದ ಸಾಲು ಈಗ ‘ಮುದ್ರೆ ಒತ್ತು’ ಎಂದು ಬದಲಾಗುತ್ತದೆ. ‘ಕರ್ತನೇ ದೇವರು’ ಎಂದು ಏಳು ಸಲ ಕೂಗುತ್ತಾರೆ, ಶೋಫಾರ್‌ನ ಒಂದು ದೀರ್ಘ ಧ್ವನಿ ಮೊಳಗುತ್ತದೆ. ಮನೆಗೆ ಹೋಗಿ ಪಾರಣೆ ಮಾಡಿ, ಅದೇ ರಾತ್ರಿ ಎಷ್ಟೋ ಮಂದಿ ಸುತ್ತಿಗೆ ಹಿಡಿದು ಅಂಗಳಕ್ಕೆ ಬರುತ್ತಾರೆ. ಐದು ದಿನಕ್ಕೆ ಸುಕ್ಕೋತ್ ಹಬ್ಬ. ಅದರ ಚಪ್ಪರಕ್ಕೆ ಮೊದಲ ಗೂಟ ಹೊಡೆಯುವುದು ಆಗಲೇ.