ಮನಸ್ಸು ಸರಿಹೋದ ಮೇಲೆ ಹೊರಗೆ ಹೋಗೋಣ ಎಂದು ಕಾಯಬೇಡಿ

"ಸ್ವಲ್ಪ ಹೊರಗೆ ಓಡಾಡಿಕೊಂಡು ಬನ್ನಿ, ಹಗುರಾಗುತ್ತೆ." ಬೇಸರದಲ್ಲಿರುವವರಿಗೆ ಎಲ್ಲರೂ ಹೇಳುವ ಮಾತಿದು. ಕೇಳಿಸಿಕೊಂಡವರ ಉತ್ತರವೂ ಹೆಚ್ಚುಕಡಿಮೆ ಒಂದೇ: "ಮನಸ್ಸೇ ಇಲ್ಲ, ಹೋಗಿ ಏನಾಗಬೇಕು?" ಸಲಹೆ ಸೋಲುವುದು ಇಲ್ಲೇ. ಕುಗ್ಗಿದ ಮನಸ್ಸು ಮುಂದೆ ಸಿಗಬಹುದಾದ ಹಿತವನ್ನು ಸಾಮಾನ್ಯವಾಗಿ ಕಡಿಮೆ ಅಂದಾಜು ಮಾಡುತ್ತದೆ. ಚೆನ್ನಾಗಿರುವವರೂ ಈ ಲೆಕ್ಕದಲ್ಲಿ ತಪ್ಪುತ್ತಾರೆ. ಕೆನಡಾದ ನಿಸ್ಬೆಟ್ ಮತ್ತು ಜೆಲೆನ್ಸ್ಕಿ 2011ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹಸಿರಿನ ನಡುವಿನ ನಡಿಗೆ ಎಷ್ಟು ಖುಷಿ ಕೊಟ್ಟೀತು ಎಂಬ ವಿದ್ಯಾರ್ಥಿಗಳ ಊಹೆ, ನಿಜವಾಗಿ ಸಿಕ್ಕ ಖುಷಿಗಿಂತ ಕೆಳಗಿತ್ತು.

ಹಾಗಾಗಿ ನಾವು ಚಿಕಿತ್ಸೆಯಲ್ಲಿ ಮೊದಲು ಕೈಗೆ ಕೊಡುವುದು ಒಂದು ಚೀಟಿ. ಹೊರಡುವ ಮುಂಚೆ 0ಯಿಂದ 10ರೊಳಗೆ ಒಂದು ಅಂಕಿ ಬರೆಯಿರಿ: ಇದರಿಂದ ಎಷ್ಟು ಹಿತವೆನಿಸೀತು? ವಾಪಸ್ ಬಂದ ಐದು ನಿಮಿಷದೊಳಗೆ ಪಕ್ಕದಲ್ಲಿ ಇನ್ನೊಂದು ಅಂಕಿ: ನಿಜಕ್ಕೂ ಎಷ್ಟು ಅನಿಸಿತು? ರಾತ್ರಿ ಬರೆದರಾಯಿತು ಅಂತ ಬಿಟ್ಟರೆ ಇಡೀ ದಿನದ ದಣಿವು ಆ ಅಂಕಿಯೊಳಗೆ ಸೇರಿಕೊಳ್ಳುತ್ತದೆ. ಏಳೆಂಟು ಜೋಡಿ ಸೇರಿದ ಮೇಲೆ ಎರಡೂ ಸಾಲು ಹೋಲಿಸಿ ನೋಡಿ. "ಹೋಗಿ ಏನಾಗಬೇಕು" ಎಂಬ ತಕರಾರಿಗೆ ನಮ್ಮ ಬುದ್ಧಿಮಾತಿಗಿಂತ ನಿಮ್ಮದೇ ಕೈಬರಹದ ಅಂಕಿಗಳು ಚೆನ್ನಾಗಿ ಉತ್ತರ ಕೊಡುತ್ತವೆ. ಆದರೆ ನಡುವೆ ಮಾತ್ರ ಅಳೆಯಬೇಡಿ. ಎರಡೆರಡು ನಿಮಿಷಕ್ಕೆ "ಈಗ ಖುಷಿಯಾಯಿತೇ?" ಎಂದು ಕೇಳಿಕೊಳ್ಳುತ್ತಿದ್ದರೆ ಗಮನ ಹೊರಗೆ ಹೋಗುವುದೇ ಇಲ್ಲ, ತನ್ನನ್ನೇ ಕಾಯುತ್ತಾ ಕೂರುತ್ತದೆ.

ಖುಷಿಯಾಗದಿದ್ದರೂ ಹೋದದ್ದು ವ್ಯರ್ಥವಲ್ಲ. ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ಬರ್ಮನ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಸ್ಯೋದ್ಯಾನದಲ್ಲಿ ನಡೆದು ಬಂದವರು ಅಂಕಿಗಳನ್ನು ಹಿಂದುಮುಂದಾಗಿ ಹೇಳುವ ಪರೀಕ್ಷೆಯಲ್ಲಿ ಸುಧಾರಿಸಿದರು. ಜನವರಿಯ ಕೊರೆಯುವ ಚಳಿಯಲ್ಲಿ ನಡೆದವರಿಗೆ ನಡಿಗೆಯೇನೂ ಹಿಡಿಸಿರಲಿಲ್ಲ, ಲಾಭ ಮಾತ್ರ ಅವರಿಗೂ ಸಿಕ್ಕಿತು. ಪರದೆ, ಲೆಕ್ಕ, ಸಂಚಾರ ಇವೆಲ್ಲ ಬಲವಂತದ ಗಮನ ಕೇಳುತ್ತವೆ. ಎಲೆಯ ಅಲುಗಾಟ, ಮೋಡದ ಚಲನೆ ಬಲವಂತವಿಲ್ಲದೆ ಗಮನ ಸೆಳೆಯುತ್ತವೆ. ಆ ಹೊತ್ತಿನಲ್ಲಿ ಬಳಲಿದ ಗಮನಶಕ್ತಿ ಸುಧಾರಿಸಿಕೊಳ್ಳುತ್ತದೆ ಎಂಬುದು ಮನಶ್ಶಾಸ್ತ್ರಜ್ಞರಾದ ಸ್ಟೀಫನ್ ಮತ್ತು ರೇಚಲ್ ಕ್ಯಾಪ್ಲನ್ ದಂಪತಿಯ ವಿವರಣೆ. ವಾಹನ ಬರುತ್ತಿದೆಯೇ ಎಂದು ಹೆಜ್ಜೆಹೆಜ್ಜೆಗೂ ನೋಡಬೇಕಾದ ರಸ್ತೆ ಇದಕ್ಕೆ ಒದಗದಿರುವುದೂ ಇದೇ ಕಾರಣಕ್ಕೆ.

ಎಷ್ಟು ಹೊತ್ತು? 20 ನಿಮಿಷದಿಂದ ಶುರುಮಾಡಿ. ಒತ್ತಡದ ಹಾರ್ಮೋನು ಕಾರ್ಟಿಸಾಲನ್ನು ಎಂಜಲಿನಲ್ಲಿ ಅಳೆದ 2019ರ ಅಧ್ಯಯನವೊಂದರಲ್ಲಿ ಇಳಿಕೆಯ ವೇಗ ಹೆಚ್ಚಿದ್ದದ್ದು 20ರಿಂದ 30 ನಿಮಿಷದ ನಡುವೆ. ಕೂತರೂ ಸರಿ, ನಿಧಾನಕ್ಕೆ ನಡೆದರೂ ಸರಿ; ಬೆವರಿಳಿಸುವ ವ್ಯಾಯಾಮ, ಓದು, ಹರಟೆ, ಇಂಟರ್ನೆಟ್ ಇವಕ್ಕೆ ಮಾತ್ರ ಅಲ್ಲಿ ಅವಕಾಶವಿರಲಿಲ್ಲ.

ಮೊದಲ ಐದು ನಿಮಿಷದಿಂದ ಏನನ್ನೂ ನಿರೀಕ್ಷಿಸಬೇಡಿ, ಮನೆಯ ಗದ್ದಲ ತಲೆಯಲ್ಲಿ ಇನ್ನೂ ನಡೆಯುತ್ತಿರುತ್ತದೆ. ಆಮೇಲೆ ಅತಿ ದೂರದ ಒಂದು ಸದ್ದು ಹುಡುಕಿ, ನಂತರ ಅತಿ ಹತ್ತಿರದ್ದು. ಬಳಿಕ ಕಣ್ಣಿಗೆ ಕೆಲಸ ಕೊಡಿ: ಕೈಗೆಟುಕುವಷ್ಟು ದೂರದಲ್ಲಿ ಯಾವುದಾದರೂ ಒಂದೇ ಒಂದು. ಮರದ ಕಾಂಡದ ಮೇಲೆ ಇರುವೆ ಸಾಲಿದ್ದರೆ ಅದೇ ಸಾಕು. ಹತ್ತುವ ಇರುವೆ, ಇಳಿಯುವ ಇರುವೆ ಎದುರಾದಾಗ ಮೀಸೆ ತಾಕಿಸಿ ಕ್ಷಣ ನಿಲ್ಲುತ್ತವೆ. ತೊಗಟೆಯ ಬಿರುಕು ಬಂದಲ್ಲಿ ಸಾಲು ಬಳಸಿ ಹೋಗುತ್ತದೆಯೇ, ಒಳಗಿಳಿದು ಹತ್ತುತ್ತದೆಯೇ? ಎರಡು ನಿಮಿಷ ಅದನ್ನೇ ನೋಡಿ. ಮರವಿಲ್ಲದಿದ್ದರೆ ಮೋಡ. ಬರೀ ಆಕಾಶದಲ್ಲಿ ಅದರ ಚಲನೆ ತಿಳಿಯುವುದಿಲ್ಲ, ಮೋಡದ ಅಂಚನ್ನು ಕಂಬಕ್ಕೋ ಚಾವಣಿಯ ಮೂಲೆಗೋ ಹೊಂದಿಸಿಕೊಂಡು ನೋಡಿ.

ತಲೆಯೊಳಗೆ ಅದೇ ರಾಗ ಅದೇ ಹಾಡು ಶುರುವಾದರೆ ಕಾದಾಡಲು ಹೋಗಬೇಡಿ, ಬಿರಬಿರನೆ ನಡೆದು ತಪ್ಪಿಸಿಕೊಳ್ಳಲೂ ನೋಡಬೇಡಿ. ನಿಂತು, ಎದುರಿಗಿರುವ ಮೂರು ವಸ್ತುಗಳನ್ನು ಮೆಲುದನಿಯಲ್ಲಿ ಹೇಳಿ, ಬಣ್ಣ ಮತ್ತು ಚಲನೆ ಸಮೇತ: "ಹಳದಿ ಎಲೆ, ತಿರುಗುತ್ತಾ ಬೀಳುತ್ತಿದೆ." ಯೋಚನೆ ಮರಳಿ ಬಂದೇ ಬರುತ್ತದೆ. ಬಂದಾಗ ಮತ್ತೆ ಮೂರು.

ಫೋನು ಸೈಲೆಂಟಿನಲ್ಲಿ ಜೇಬಿನಲ್ಲಿರಲಿ. ಫೋಟೋ ತೆಗೆಯಲೇಬೇಕೆನಿಸಿದರೆ ಕೊನೆಯ ನಿಮಿಷದಲ್ಲಿ ಒಂದು. ಹೆಜ್ಜೆ ಎಣಿಸುವ ಆ್ಯಪ್ ಈ ಹೊತ್ತಿಗೆ ಬೇಡವೇ ಬೇಡ, ಗುರಿ ಬಂತೆಂದರೆ ಇದೂ ಕಚೇರಿ ಕೆಲಸವೇ.

ಸಾಧ್ಯವಿದ್ದರೆ ಬೆಳಗಿನ ಹೊತ್ತು ಆರಿಸಿಕೊಳ್ಳಿ. ಕಚೇರಿಯೊಳಗಿನ ಬೆಳಕು ಸಾಮಾನ್ಯವಾಗಿ 300ರಿಂದ 500 ಲಕ್ಸ್ (ಬೆಳಕನ್ನು ಅಳೆಯುವ ಮಾನ). ಮೋಡ ಕವಿದ ಹಗಲಿನಲ್ಲೂ ಹೊರಗೆ ಸಾವಿರಾರು ಲಕ್ಸ್ ಇರುತ್ತದೆ. ಎದ್ದ ಸ್ವಲ್ಪ ಹೊತ್ತಿನಲ್ಲೇ ಆ ಬೆಳಕು ಕಣ್ಣಿಗೆ ಬಿದ್ದರೆ ದೇಹದ ಗಡಿಯಾರ ಹೊಂದಿಕೊಳ್ಳುತ್ತದೆ, ರಾತ್ರಿ ನಿದ್ದೆಗೆ ಅನುಕೂಲ. ಸೂರ್ಯನನ್ನೇ ದಿಟ್ಟಿಸಬೇಡಿ.

ಇನ್ನು "ಸಕಾರಾತ್ಮಕ ದೃಷ್ಟಿ"ಯ ಮಾತು. ಕಷ್ಟದಲ್ಲಿರುವವರಿಗೆ "ಒಳ್ಳೆಯದನ್ನೇ ಯೋಚಿಸು" ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಆಗದಿದ್ದಾಗ ಅದೂ ತನ್ನದೇ ತಪ್ಪೆಂದು ಅವರು ಕುಗ್ಗುತ್ತಾರೆ. ದೃಷ್ಟಿ ಬೇರೆ ದಾರಿಯಲ್ಲಿ ಬದಲಾಗುತ್ತದೆ. 2020ರಲ್ಲಿ ಸ್ಟರ್ಮ್ ತಂಡ ಪ್ರಕಟಿಸಿದ ಅಧ್ಯಯನದಲ್ಲಿ, ಹಿರಿಯ ವಯಸ್ಸಿನವರು ಎಂಟು ವಾರ, ವಾರಕ್ಕೊಮ್ಮೆ 15 ನಿಮಿಷ ನಡೆದರು. ಸುತ್ತಲಿನದನ್ನು ಹೊಸದಾಗಿ, ಬೆರಗಿನಿಂದ ನೋಡಿ ಎಂದು ಹೇಳಿಸಿಕೊಂಡವರ ಸೆಲ್ಫಿಗಳಲ್ಲಿ ವಾರ ಕಳೆದಂತೆ ಅವರ ಮುಖ ಚಿಕ್ಕದಾಗುತ್ತಾ, ಹಿಂದಿನ ದೃಶ್ಯ ದೊಡ್ಡದಾಗುತ್ತಾ ಹೋಯಿತು. ಗಮನ ತಮ್ಮಿಂದ ಸುತ್ತಲಿನತ್ತ ಸರಿದದ್ದರ ಗುರುತು ಅದು. ಚೀಟಿಯಲ್ಲಿ ಅಂಕಿಯ ಕೆಳಗೆ ನೀವೂ ಕಂಡದ್ದೊಂದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. "ಸುಂದರ", "ಅದ್ಭುತ" ಬೇಡ; ಮುಂದಿನ ತಿಂಗಳು ಓದಿದಾಗ ಅವು ಏನನ್ನೂ ನೆನಪಿಗೆ ತರುವುದಿಲ್ಲ, ಬಿರುಕು ಬಳಸಿ ಹೋದ ಇರುವೆ ತರುತ್ತದೆ.

ಕುಗ್ಗುವಿಕೆ ಅಥವಾ ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು ಎರಡು ವಾರ ಬಿಡದೆ ಮುಂದುವರಿದು, ನಿದ್ದೆ, ಹಸಿವು ಕೆಟ್ಟಿದ್ದರೆ ವೈದ್ಯರನ್ನೋ ಮನೋತಜ್ಞರನ್ನೋ ಕಾಣಿ. ಸಾಯುವ ಯೋಚನೆ ಬಂದರಂತೂ ಎರಡು ವಾರ ಕಾಯಬೇಡಿ, ಅಂದೇ ಹೋಗಿ. ಇಲ್ಲಿ ಹೇಳಿದ್ದು ಚಿಕಿತ್ಸೆಗೆ ಜೊತೆಯೇ ಹೊರತು ಬದಲಿಯಲ್ಲ.

ಮನೆಯಿಂದ ಹೊರಡಲಾಗದವರು ಕುರ್ಚಿಯನ್ನು ಕಿಟಕಿಯತ್ತ ತಿರುಗಿಸಿಕೊಳ್ಳಿ. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರ ದಾಖಲೆಗಳನ್ನು ಹೋಲಿಸಿ ರೋಜರ್ ಉಲ್ರಿಚ್ 1984ರಲ್ಲಿ ವರದಿ ಮಾಡಿದಂತೆ, ಇಟ್ಟಿಗೆ ಗೋಡೆ ಕಾಣುವ ಕೋಣೆಯವರಿಗಿಂತ ಮರ ಕಾಣುವ ಕೋಣೆಯವರು ಬೇಗ ಮನೆಗೆ ಹೋದರು, ಅವರಿಗೆ ಪ್ರಬಲ ನೋವುನಿವಾರಕಗಳೂ ಕಡಿಮೆ ಸಾಕಾದವು. ಕಿಟಕಿಯಿಂದ ದೂರ ಸರಿದಷ್ಟೂ ಬೆಳಕು ಬೇಗ ಇಳಿಯುವುದರಿಂದ ಕುರ್ಚಿ ಕಿಟಕಿಗೆ ಅಂಟಿಕೊಂಡಂತೆ ಇರಲಿ.