ಹೊಸ ಟೋಕೆ ಹಲ್ಲಿ ಊಟ ಮುಟ್ಟದಿದ್ದರೆ

ತಂದು ಮೂರು ದಿನವಾದರೂ ಟೋಕೆ ಎಂಬ ದೊಡ್ಡ ಜಾತಿಯ ಹಲ್ಲಿ ಒಂದು ಹುಳವನ್ನೂ ಮುಟ್ಟಿಲ್ಲ ಎಂದು ಗಾಬರಿಯಾಗಿ ಬರುವವರನ್ನು ನಾವು ಮೊದಲು ಕೇಳುವುದು ಊಟದ ವಿಷಯವಲ್ಲ. ಅದು ನೀರು ಕುಡಿದದ್ದನ್ನು ನೋಡಿದಿರಾ ಎಂದು ಕೇಳುತ್ತೇವೆ. ಮೈತುಂಬಿಕೊಂಡ ದೊಡ್ಡ ಟೋಕೆ ಎರಡು ವಾರ ಉಪವಾಸವಿದ್ದರೂ ತಡೆದುಕೊಳ್ಳುತ್ತದೆ, ನೀರಿಲ್ಲದೆ ಅಷ್ಟು ದಿನ ತಡೆಯಲಾರದು. ಊಟ ಬಿಡುವುದು ಬಹುಪಾಲು ಬಾಯಾರಿಕೆ, ಹೆದರಿಕೆ, ತಪ್ಪಾದ ಬಿಸಿ ಈ ಮೂರರ ಫಲ. ಅವನ್ನು ಸರಿಪಡಿಸದೆ ಬಗೆಬಗೆಯ ಹುಳ ತಂದು ಸುರಿದರೆ ಪ್ರಯೋಜನವಿಲ್ಲ.

ಅಮೆರಿಕ, ಯುರೋಪಿನ ಅಂಗಡಿಗಳಿಗೆ ಬರುವ ದೊಡ್ಡ ಟೋಕೆಗಳಲ್ಲಿ ಇಂಡೋನೇಷ್ಯಾದ ಕಾಡು, ತೋಟಗಳಲ್ಲಿ ಹಿಡಿದವೇ ಹೆಚ್ಚು. ಹಿಡಿದವನಿಂದ ಊರಿನ ವ್ಯಾಪಾರಿಗೆ, ಅಲ್ಲಿಂದ ರಫ್ತುದಾರನಿಗೆ, ವಿಮಾನದಲ್ಲಿ ಆಮದುದಾರನಿಗೆ, ಕೊನೆಗೆ ಅಂಗಡಿಗೆ ಬರುವಷ್ಟರಲ್ಲಿ ವಾರಗಟ್ಟಲೆ ಚೀಲ, ಡಬ್ಬಿಗಳಲ್ಲೇ ಕಳೆದಿರುತ್ತದೆ. 2019ರಿಂದ ಈ ಜಾತಿ, ಕಾಡಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ, ಆದ್ದರಿಂದ ಕೊಳ್ಳುವಾಗ ಕಾಗದಪತ್ರ ಕೇಳಿ. ಸಾಕಿ ಮರಿ ಮಾಡಿಸಿದ ಹಲ್ಲಿ ಸಿಕ್ಕರೆ ನಾಲ್ಕು ಕಾಸು ಹೆಚ್ಚಾದರೂ ಅದನ್ನೇ ತನ್ನಿ. ನಮ್ಮ ದೇಶದಲ್ಲೇ ಇರುವವರಿಗೆ ಒಂದು ಮಾತು: ಭಾರತದಲ್ಲಿ ಟೋಕೆ ಈಶಾನ್ಯ ರಾಜ್ಯಗಳ ಕಾಡಿನ ಪ್ರಾಣಿ. ಅದನ್ನಾಗಲಿ, ನಮ್ಮ ಉಡವನ್ನಾಗಲಿ, ಗೋಸುಂಬೆಯನ್ನಾಗಲಿ ಹಿಡಿದು ಸಾಕುವುದು ವನ್ಯಜೀವಿ ಕಾಯ್ದೆಯಡಿ ಅಪರಾಧ. ಮುಂದೆ ಬರೆದಿರುವುದು ಕಾನೂನು ಒಪ್ಪುವ ದೇಶಗಳಲ್ಲಿ ಇರುವವರಿಗೆ.

ಅಂಗಡಿಯಲ್ಲೇ ಬಾಲದ ಬುಡ ನೋಡಿ. ಅಲ್ಲಿ ಮಾಂಸ ಕರಗಿ ಸೊಂಟದ ಮೂಳೆ ಎದ್ದು ಕಾಣುತ್ತಿದ್ದರೆ, ಕಣ್ಣು ಗುಳಿಬಿದ್ದಿದ್ದರೆ ಬೇಡ. ಟೋಕೆ ಹೇಗೂ ಹೆದರಿಸಲು ಬಾಯಿ ಅಗಲಿಸುತ್ತದೆ, ಆಗ ಒಸಡಿನ ಮೇಲೆ ಹಳದಿ ಗಂಟು, ಕೀವು ಇದೆಯೇ ಗಮನಿಸಿ. ಬೆರಳ ಸಂದು, ಕಂಕುಳು, ಕಿವಿಯ ತೂತಿನ ಅಂಚಿನಲ್ಲಿ ಕೆಂಪು ಚುಕ್ಕಿಗಳಿದ್ದರೆ ಅವು ನುಸಿ.

ಮೊದಲ ಮೂರು ತಿಂಗಳಿಗೆ ಅಲಂಕಾರದ ಟೆರೇರಿಯಂ ಬೇಡ. 45 ಸೆಂ.ಮೀ. ಉದ್ದ, ಅಷ್ಟೇ ಅಗಲ, 60 ಸೆಂ.ಮೀ. ಎತ್ತರದ ಗಾಜಿನ ಗೂಡು ಸಾಕು. ಮೂರು ಬದಿಗೆ ಹೊರಗಿನಿಂದ ಕಾಗದ ಅಂಟಿಸಿ. ನೆಲಕ್ಕೆ ಪೇಪರ್ ಟವಲ್ ಹಾಸಿದರೆ ಹಿಕ್ಕೆ ಕಣ್ಣಿಗೆ ಬೀಳುತ್ತದೆ, ದಿನಾ ಬದಲಿಸಲೂ ಸುಲಭ. ಮಣ್ಣು, ತೆಂಗಿನ ನಾರು ಆಮೇಲೆ ನೋಡಿಕೊಳ್ಳಬಹುದು. ಆದರೆ ಮರೆಯ ವಿಷಯದಲ್ಲಿ ಜಿಪುಣತನ ಬೇಡ. ಕೊಳವೆಯಾಕಾರದ ಕಾರ್ಕ್ ತೊಗಟೆ ಎರಡು ಬೇಕು, ನೆಟ್ಟಗೆ ನಿಲ್ಲಿಸಿದವು, ಒಂದು ಬಿಸಿಯ ಕಡೆ, ಇನ್ನೊಂದು ತಂಪಿನ ಕಡೆ. ಮರೆ ಒಂದೇ ಇದ್ದು ಅದು ತಂಪಿನ ಕಡೆ ಇದ್ದರೆ, ಹೆದರಿದ ಹಲ್ಲಿ ಬಿಸಿ ಬಿಟ್ಟು ಮರೆಯಲ್ಲೇ ಕೂರುತ್ತದೆ. ಮೈ ಬಿಸಿಯಾಗದಿದ್ದರೆ ತಿಂದದ್ದು ಜೀರ್ಣವಾಗದೆ ಹೊಟ್ಟೆಯಲ್ಲೇ ಕೊಳೆತು ವಾಂತಿಯಾಗುತ್ತದೆ. ಗೂಡು ನಮ್ಮ ಕಣ್ಣಿನ ಮಟ್ಟಕ್ಕಿಂತ ಮೇಲಿರಲಿ: ಮೇಲಿನಿಂದ ಬಾಗಿ ನೋಡುವುದೆಲ್ಲ ಅದರ ಪಾಲಿಗೆ ಹದ್ದೇ. ಒಂದು ಗೂಡಿಗೆ ಒಂದೇ ಹಲ್ಲಿ. ಜೋಡಿ ತಂದಿದ್ದರೂ ಈಗ ಬೇರೆ ಬೇರೆ.

ಬಿಸಿ ಮೇಲ್ಭಾಗದ ಒಂದು ಮೂಲೆಯಲ್ಲಿ 30ರಿಂದ 32 ಡಿಗ್ರಿ ಸೆಲ್ಸಿಯಸ್, ತಂಪಿನ ಕಡೆ 25ರಿಂದ 26, ರಾತ್ರಿ 22ರಿಂದ 24 ಇರಲಿ. ಸೆರಾಮಿಕ್ ಹೀಟರ್ ಜಾಲರಿಯ ಹೊರಗಿರಬೇಕು, ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಕಡ್ಡಾಯ. ಒಳಗಿಟ್ಟರೆ ಟೋಕೆ ಅದರ ಮೇಲೆಯೇ ಹೋಗಿ ಕೂತು ಹೊಟ್ಟೆ ಸುಟ್ಟುಕೊಳ್ಳುತ್ತದೆ.

ಇನ್ನು ನೀರು. ಬಟ್ಟಲಲ್ಲಿ ನಿಂತ ನೀರನ್ನು ಕಾಡಿನ ಹಲ್ಲಿ ಎಷ್ಟೋ ಸಲ ನೀರೆಂದೇ ಗುರುತಿಸುವುದಿಲ್ಲ. ಅದು ಎಲೆ, ತೊಗಟೆ, ಗಾಜಿನ ಮೇಲಿನ ಹನಿ ನೆಕ್ಕಿ ಕುಡಿಯುವ ಪ್ರಾಣಿ. ಬಟ್ಟಲು ಇರಲಿ, ಆದರೆ ನಂಬಬೇಡಿ. ದೀಪ ಆರಿಸಿದ ಮೇಲೆ ಉಗುರುಬೆಚ್ಚಗಿನ ನೀರನ್ನು ಸಣ್ಣ ಹನಿಯಾಗಿ ಗಾಜಿಗೂ ಪ್ಲಾಸ್ಟಿಕ್ ಎಲೆಗಳಿಗೂ ಸಿಂಪಡಿಸಿ, ಹಲ್ಲಿಯ ಮುಖಕ್ಕಲ್ಲ. ಒಂದೆರಡು ನಿಮಿಷ ಅದು ಕಲ್ಲಿನಂತೆ ಕೂರುತ್ತದೆ. ಆಮೇಲೆ ಮೂತಿಯ ತುದಿಗೆ ಬಿದ್ದ ಹನಿಯನ್ನು ಒಮ್ಮೆ ನೆಕ್ಕುತ್ತದೆ, ಮತ್ತೆ ನಿಲ್ಲಿಸುತ್ತದೆ, ಬಳಿಕ ಗಾಜಿಗೆ ನಾಲಿಗೆ ಹಚ್ಚಿ ಒಂದೇ ಸಮನೆ ಶುರುಮಾಡುತ್ತದೆ. ಎರಡು ಸಲ ಸಿಂಪಡಿಸಿ ಕೈಬಿಡುವವರು ಈ ಹೊತ್ತಿಗೆ ಬಾಗಿಲು ಮುಚ್ಚಿ ಹೋಗಿರುತ್ತಾರೆ. ನೆಕ್ಕುವುದು ನಿಲ್ಲುವವರೆಗೆ ಐದರಿಂದ ಹತ್ತು ನಿಮಿಷ ಬಿಟ್ಟುಬಿಟ್ಟು ಸಿಂಪಡಿಸಿ, ಬೆಳಿಗ್ಗೆ ಇನ್ನೊಮ್ಮೆ. ತೇವಾಂಶ ಸಿಂಪಡಿಸಿದಾಗ 80 ಶೇಕಡಾ ಮುಟ್ಟಿ, ಹಗಲಲ್ಲಿ 60ರ ಹತ್ತಿರ ಇಳಿಯಲಿ. ದಿನವಿಡೀ ಒದ್ದೆಯಿದ್ದರೆ ಚರ್ಮಕ್ಕೆ ಸೋಂಕು ಹತ್ತುತ್ತದೆ. ಚಳಿಗಾಲದಲ್ಲಿ ಹೀಟರ್ ಓಡುವ ಮನೆಗಳಲ್ಲಿ ಗಾಳಿ ತೀರ ಒಣಗಿರುತ್ತದೆ. ಅಲ್ಲಿ ಜಾಲರಿ ಮುಚ್ಚಳದ ಅರ್ಧವನ್ನು, ಹೀಟರ್ ಇಲ್ಲದ ಬದಿಯಲ್ಲಿ, ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ.

ನೀರು ಮೈಗೆ ಹತ್ತಿತೋ ಇಲ್ಲವೋ ಎಂಬುದನ್ನು ಹಿಕ್ಕೆಯ ಬಿಳಿ ಭಾಗ ಹೇಳುತ್ತದೆ. ಮೆತ್ತಗೆ ಬೆಳ್ಳಗಿದ್ದರೆ ಸರಿ. ಹಳದಿಗಟ್ಟಿ ಸೀಮೆಸುಣ್ಣದಂತೆ ಗಟ್ಟಿಯಿದ್ದರೆ ಇನ್ನೂ ಸಾಲದು. ಕಣ್ಣು ಗುಳಿಬಿದ್ದೇ ಇದ್ದರೆ ವೈದ್ಯರು ಚರ್ಮದಡಿ ದ್ರವ ಕೊಡುತ್ತಾರೆ. ಕಿಲೋ ತೂಕಕ್ಕೆ 10ರಿಂದ 20 ಮಿಲಿ ಲೆಕ್ಕ, ಅಂದರೆ 100 ಗ್ರಾಂ ಹಲ್ಲಿಗೆ ಒಂದೆರಡು ಮಿಲಿ ಮಾತ್ರ. ಮನೆಯಲ್ಲಿ ಸಿರಿಂಜಿನಿಂದ ಬಾಯಿಗೆ ನೀರು ಸುರಿಯುವ ಸಾಹಸ ಬೇಡ, ಶ್ವಾಸನಾಳಕ್ಕೆ ಹೋಗುತ್ತದೆ.

ಮೊದಲ ಮೂರು ನಾಲ್ಕು ದಿನ ಊಟ ಇಡಲೇಬೇಡಿ. ಆಮೇಲೆ ರಾತ್ರಿ, ದೀಪ ಆರಿಸಿ ಒಂದು ಗಂಟೆ ಬಿಟ್ಟು, ಎರಡೋ ಮೂರೋ ಕ್ರಿಕೆಟ್ ಹುಳ ಬಿಡಿ. ಹುಳದ ಉದ್ದ ಹಲ್ಲಿಯ ತಲೆಯ ಅಗಲವನ್ನು ಮೀರದಿರಲಿ. ಹಿಂಗಾಲು ಕಿತ್ತರೆ ಹುಳ ನೆಗೆದು ತಪ್ಪಿಸಿಕೊಳ್ಳದೆ ತೊಗಟೆಯ ಮೇಲೆ ನಿಧಾನ ಹತ್ತುತ್ತದೆ, ಹಲ್ಲಿಯ ಕಣ್ಣಿಗೆ ಬೀಳುವುದು ಆ ಚಲನೆಯೇ. ತಟ್ಟೆಯಲ್ಲಿ ಬಿದ್ದಿರುವ ಮೀಲ್‌ವರ್ಮ್ (ಹಿಟ್ಟಿನ ಹುಳ) ಕಾಡಿನ ಟೋಕೆಗೆ ಊಟವಾಗಿ ಕಾಣುವುದು ಅಪರೂಪ. ಕ್ರಿಕೆಟ್ ಬೇಡವೆಂದರೆ ಮಿಡತೆ, ಜಿರಳೆ, ರೇಷ್ಮೆಹುಳ ಬದಲಿಸಿ ನೋಡಿ. ರಾಮನಗರದ ಕಡೆಯವರಿಗೆ ನಗು ಬರಬಹುದು, ಆದರೆ ಹೊರದೇಶದಲ್ಲಿ ರೇಷ್ಮೆಹುಳವನ್ನು ಹಲ್ಲಿಯ ಮೇವಾಗಿಯೇ ಮಾರುತ್ತಾರೆ. ಮೆತ್ತಗಿದ್ದು ನೀರಿನಂಶ ಹೆಚ್ಚಿರುವುದರಿಂದ ಸೊರಗಿದ ಹಲ್ಲಿಗೆ ಒಳ್ಳೆಯದು. ತೋಟದಿಂದ ಹುಳ ಹಿಡಿದು ತರಬೇಡಿ: ಔಷಧಿ ಹೊಡೆದಿರಬಹುದು. ಅಮೆರಿಕದ ಮಿಂಚುಹುಳವಂತೂ ವಿಷವೇ, ಒಂದೇ ಒಂದು ಸಾಕು ಹಲ್ಲಿಯ ಪ್ರಾಣ ತೆಗೆಯಲು. ಹುಳಗಳಿಗೆ ಹಿಂದಿನ ದಿನ ಕ್ಯಾರೆಟ್, ಸೊಪ್ಪು ತಿನ್ನಿಸಿ. ಕ್ಯಾಲ್ಸಿಯಂ ಪುಡಿ ಮಾತ್ರ ಮೊದಲ ಕೆಲವು ಊಟಕ್ಕೆ ಬೇಡ, ಪುಡಿ ಮೆತ್ತಿದ ಹುಳವನ್ನು ಕಚ್ಚಿ ಉಗಿಯುವ ಹಲ್ಲಿಗಳಿವೆ.

ಬೆಳಿಗ್ಗೆ ಉಳಿದ ಹುಳಗಳನ್ನು ಎಣಿಸಿ ತೆಗೆಯಿರಿ. ಹತ್ತು ಹದಿನೈದು ಸುರಿದು ಬಿಟ್ಟರೆ ಹಸಿದ ಕ್ರಿಕೆಟ್‌ಗಳು ಹಲ್ಲಿಯ ಬೆರಳು, ರೆಪ್ಪೆಯಿಲ್ಲದ ಕಣ್ಣಿನ ಅಂಚು ಕಡಿಯುತ್ತವೆ. ಒಳಗೆ ಸಿಕ್ಕಿಹಾಕಿಕೊಂಡ ಜಿರಳೆಯಿಂದ ಬೇರೆ ತೊಂದರೆ: ಟೋಕೆಯ ಶ್ವಾಸಕೋಶದಲ್ಲಿ ಪೆಂಟಾಸ್ಟೊಮಿಡ್ ಎಂಬ ಪರಾವಲಂಬಿ ಇರಬಹುದು, ಅದರ ಮೊಟ್ಟೆ ಹಿಕ್ಕೆಯಲ್ಲಿ ಬರುತ್ತದೆ. ಹಿಕ್ಕೆ ತಿಂದ ಜಿರಳೆಯನ್ನು ಹಲ್ಲಿ ತಿಂದರೆ ಸೋಂಕು ಮತ್ತೆ ಒಳಗೆ.

ಜಂತುಹುಳದ ಔಷಧಿಯನ್ನು ತಂದ ದಿನವೇ ಕೊಡುವ ಪದ್ಧತಿ ನಮಗೆ ಒಪ್ಪಿಗೆಯಿಲ್ಲ. ನೀರು ಬತ್ತಿದ ಮೈಗೆ ಔಷಧಿಯೇ ಭಾರ. ಹಲ್ಲಿ ಕುಡಿದು, ಸಾಧ್ಯವಾದರೆ ಒಂದೆರಡು ಸಲ ತಿಂದ ಮೇಲೆ, ಹೊಸ ಹಿಕ್ಕೆಯನ್ನು ಡಬ್ಬಿಯಲ್ಲಿ ಹಾಕಿ ತಂಪಾಗಿಟ್ಟು 24 ಗಂಟೆಯೊಳಗೆ ಪರೀಕ್ಷೆಗೆ ಕೊಡಿ. ಕರುಳಿನ ಸಣ್ಣ ಜಂತುವಾದ ಪಿನ್‌ವರ್ಮ್‌ನ ನಾಲ್ಕಾರು ಮೊಟ್ಟೆ ಕಂಡ ಮಾತ್ರಕ್ಕೆ ರೋಗವೆನ್ನಲಾಗದು. ಕಾಕ್ಸಿಡಿಯಾ ಎಂಬ ಕರುಳಿನ ಸೂಕ್ಷ್ಮ ಪರಾವಲಂಬಿ ಹೇರಳವಾಗಿದ್ದರೆ ಬೇರೆ ಮಾತು. ಔಷಧಿ ಯಾವುದಾದರೂ ಗ್ರಾಂ ಲೆಕ್ಕದ ತೂಕಕ್ಕೆ ತಕ್ಕಂತೆ ವೈದ್ಯರೇ ಕೊಡಲಿ. ದನ, ಕುದುರೆಗೆಂದು ಮಾರುವ ಐವರ್ಮೆಕ್ಟಿನ್ ಅನ್ನು ಅಂದಾಜಿನಲ್ಲಿ ಹಾಕಿ ಹಲ್ಲಿ ಕೊಂದವರಿದ್ದಾರೆ.

ತೂಕ ವಾರಕ್ಕೊಮ್ಮೆ ಸಾಕು. ಕೈಯಲ್ಲಿ ಹಿಡಿಯಬೇಡಿ: ಬಾಲ ಕಳಚಿದರೆ ಅದರಲ್ಲಿದ್ದ ಕೊಬ್ಬೂ ಹೋಯಿತು. ಹಗಲು ತೊಗಟೆಯೊಳಗೆ ಮಲಗಿರುವಾಗ ಎರಡೂ ಬಾಯಿಗೆ ಬಟ್ಟೆ ತುರುಕಿ, ತೊಗಟೆಯ ಸಮೇತ ಅಡುಗೆಯ ತಕ್ಕಡಿಯ ಮೇಲಿಡಿ, ಆಮೇಲೆ ತೊಗಟೆ, ಬಟ್ಟೆಯ ತೂಕ ಕಳೆಯಿರಿ. ಆ ತಕ್ಕಡಿ ಮತ್ತೆ ಅಡುಗೆಮನೆಗೆ ಹೋಗಕೂಡದು, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಈ ಪ್ರಾಣಿಯೇ ಬೇಡ. ಅಕಸ್ಮಾತ್ ಕಚ್ಚಿ ಹಿಡಿದರೆ ಎಳೆಯಬೇಡಿ. ಅದರ ಕಾಲು ನೆಲಕ್ಕೆ ತಾಗುವಂತೆ ಕೈ ಇಳಿಸಿ ಸುಮ್ಮನಿದ್ದರೆ ತಾನೇ ಬಿಟ್ಟು ಓಡುತ್ತದೆ.

ಹತ್ತು ದಿನವಾದರೂ ತಿಂದ ಲಕ್ಷಣವಿಲ್ಲದಿದ್ದರೆ, ಇಲ್ಲವೆ ತೂಕ ನೂರಕ್ಕೆ ಹತ್ತರಷ್ಟು ಇಳಿದರೆ ವೈದ್ಯರಲ್ಲಿಗೆ ಹೋಗಿ. ಬಾಯಿ ಬಿಡಿಸಿ ತುರುಕುವುದು ಕೊನೆಯ ಉಪಾಯ, ಅದೂ ಮನೆಯಲ್ಲಲ್ಲ, ದವಡೆ ಮುರಿದೀತು. ತಿನ್ನಲು ಶುರುಮಾಡಿದರೆ ಎರಡು ಮೂರು ದಿನಕ್ಕೊಮ್ಮೆ ನಾಲ್ಕರಿಂದ ಆರು ಹುಳ ಕೊಡಿ, ಕ್ಯಾಲ್ಸಿಯಂ ಪುಡಿ ಈಗ ಸೇರಿಸಿ. ಸತತ ಮೂರು ವಾರ ತೂಕ ಏರಿ, ಎರಡು ಹಿಕ್ಕೆ ಪರೀಕ್ಷೆ ಸರಿಯಾಗಿ ಬಂದ ಮೇಲೆ ದೊಡ್ಡ ಗೂಡಿಗೆ ಬದಲಿಸಿ. ಆಗ ಹಲ್ಲಿ ಮತ್ತೆ ನಾಲ್ಕೈದು ದಿನ ಊಟ ಬಿಟ್ಟೀತು. ಸಂಜೆಯ ಸಿಂಪಡಿಕೆ ಮುಂದುವರಿಸಿ, ಔಷಧಿ ಡಬ್ಬಿಗೆ ಕೈ ಹಾಕಬೇಡಿ.