ಮನೆಯಲ್ಲಿ ಯೊನ್ಸೇ, ಕಾಗದದಲ್ಲಿ ಸಾನ್ಸೇ

ಬ್ರೆಜಿಲ್‌ನ ಜಪಾನಿ ಮನೆಗಳಲ್ಲಿ ತಲೆಮಾರಿನ ಲೆಕ್ಕ ಎಲ್ಲರಿಗೂ ಬಾಯಿಪಾಠ: ಹಡಗಿನಲ್ಲಿ ಬಂದವರು ಇಸ್ಸೇ, ಮಕ್ಕಳು ನಿಸೇ, ಮೊಮ್ಮಕ್ಕಳು ಸಾನ್ಸೇ, ಮರಿಮಕ್ಕಳು ಯೊನ್ಸೇ. ಜಪಾನಿನ ವೀಸಾಕ್ಕೆ ಈ ಲೆಕ್ಕ ನಡೆಯದು. ಅಲ್ಲಿ ನೋಡುವುದು ಕೊಸೆಕಿ, ಅಂದರೆ ಮೂಲ ಊರಿನ ಕಚೇರಿಯಲ್ಲಿರುವ ಕುಟುಂಬ ನೋಂದಣಿ.

1990ರಲ್ಲಿ ಜಾರಿಯಾದ ಜಪಾನಿನ ವಲಸೆ ಕಾನೂನಿನ ತಿದ್ದುಪಡಿ ಸಾನ್ಸೇವರೆಗೆ ಬಾಗಿಲು ತೆರೆಯಿತು. ಭಾಷೆ ಬರಲೇಬೇಕೆಂದು ಕೇಳಲಿಲ್ಲ. ಯೊನ್ಸೇಗಳಿಗೆ 2018ರಲ್ಲಿ ಬಂದ ಯೋಜನೆ ಬೇರೆ ಥರ: ವಯಸ್ಸು 18ರಿಂದ 30 (2023ರ ಕೊನೆಗೆ 35ಕ್ಕೆ ಏರಿತು), ಎನ್4 ಮಟ್ಟದ (ಜಪಾನಿ ಭಾಷಾ ಪರೀಕ್ಷೆಯ ಐದು ಹಂತಗಳಲ್ಲಿ ಕೆಳಗಿನಿಂದ ಎರಡನೆಯದು) ಜಪಾನಿ, ಜೊತೆಗೆ ಹೊಣೆ ಹೊರುವ ಒಬ್ಬ ಸಹಾಯಕ. ರಕ್ತ ತೆಳುವಾದಷ್ಟೂ ಸಂಸ್ಕೃತಿಯನ್ನು ಪರೀಕ್ಷೆ ಬರೆದು ತೋರಿಸಬೇಕು ಎಂಬ ತರ್ಕ. ನನಗೆ ಅದು ಒಪ್ಪಿಗೆಯಿಲ್ಲ, ಆದರೆ ಕಾನೂನು ಇರುವುದು ಹಾಗೆ.

ಆದ್ದರಿಂದ ಯೊನ್ಸೇ ಎಂದುಕೊಂಡವರು ಮೊದಲು ನೋಡಬೇಕಾದದ್ದು ಅಜ್ಜನ ಜನನ. 1924ರ ಡಿಸೆಂಬರ್‌ನಿಂದ, ಬ್ರೆಜಿಲ್‌ನಲ್ಲಿ ಹುಟ್ಟಿದ ಮಗುವಿಗೆ 14 ದಿನಗಳೊಳಗೆ ರಾಷ್ಟ್ರೀಯತೆ ಕಾಯ್ದಿರಿಸದಿದ್ದರೆ (ಉಳಿಸಿಕೊಳ್ಳುತ್ತೇವೆಂದು ಜಪಾನಿ ಅಧಿಕಾರಿಗಳಿಗೆ ತಿಳಿಸದಿದ್ದರೆ) ಜಪಾನಿ ಪೌರತ್ವ ಹೋಗುತ್ತಿತ್ತು. ದೂರದ ಕಾಫಿ ತೋಟಗಳಲ್ಲಿದ್ದ ಎಷ್ಟೋ ಮಂದಿಗೆ ಅದು ಆಗದ ಮಾತು. ಅಜ್ಜನಿಗೆ ಕಾಯ್ದಿರಿಸಿದ ನಮೂದು ಕೊಸೆಕಿಯಲ್ಲಿದ್ದರೆ ಆತ ಜಪಾನಿ ಪ್ರಜೆ. ಆಗ ಕಾನೂನಿನ ಲೆಕ್ಕ ಆತನಿಂದಲೇ ಶುರು: ಮನೆಯಲ್ಲಿ ಯೊನ್ಸೇ ಆದ ಮೊಮ್ಮಗಳು ಪ್ರಜೆಯೊಬ್ಬರ ಮೊಮ್ಮಗಳಾಗಿ ಸಾನ್ಸೇ ದಾರಿಯಲ್ಲೇ ಹೋಗಬಹುದು.

ಕೊಸೆಕಿ ಸಿಗಲು ಹೊನ್ಸೆಕಿ (ನೋಂದಣಿಯ ಮೂಲ ವಿಳಾಸ) ಮತ್ತು ಮನೆಯ ಯಜಮಾನನ ಹೆಸರು ಬೇಕು. ನೇರ ವಂಶಸ್ಥರು ಕೇಳಬಹುದು. ಹಳೆಯ ದಾಖಲೆಯ ಪ್ರತಿಗೆ 750 ಯೆನ್. ಎಡವುವುದು ಮೂರು ಕಡೆ. ಊರುಗಳು ವಿಲೀನವಾಗಿ ಹಳೆಯ ಹೆಸರು ನಕ್ಷೆಯಲ್ಲೇ ಇರುವುದಿಲ್ಲ. ಓಕಿನಾವಾದ ದಾಖಲೆಗಳಲ್ಲಿ ಬಹುಪಾಲು 1945ರ ಯುದ್ಧದಲ್ಲಿ ನಾಶವಾಗಿ, ಆಮೇಲೆ ಹೇಳಿಕೆಗಳ ಮೇಲೆ ಮತ್ತೆ ಬರೆದವು.

ಮೂರನೆಯದೇ ನಿಜವಾದ ತಲೆನೋವು. 1908ರಲ್ಲಿ ಕಸಾಟೊ ಮಾರು ಹಡಗಿನಲ್ಲಿ ಬ್ರೆಜಿಲ್‌ಗೆ ಹೋದ 781 ಮಂದಿಯ ಕಾಲದಿಂದಲೂ ತೋಟದ ದುಡಿಮೆಯ ಒಪ್ಪಂದಕ್ಕೆ ಕುಟುಂಬದಲ್ಲಿ ಕನಿಷ್ಠ ಮೂವರು ದುಡಿಯುವವರಿರಬೇಕಿತ್ತು. ಸಾಲದಿದ್ದರೆ ಸೋದರಳಿಯನನ್ನೋ ನೆರೆಮನೆಯ ಹುಡುಗನನ್ನೋ ಕಾಗದದಲ್ಲಿ ಮಗನಾಗಿಸಿದರು. ಇಂಥವರ ಮೊಮ್ಮಕ್ಕಳು ಇಂದಿಗೂ ಎರವಲು ಮನೆತನದ ಹೆಸರು ಹಿಡಿದು ತಪ್ಪು ಊರಿಗೆ ಅರ್ಜಿ ಹಾಕುತ್ತಾರೆ. ಹಡಗಿನ ಪಟ್ಟಿಯಲ್ಲಿ ತಂದೆಗೂ ಮಗನಿಗೂ ಹದಿನೈದು ವರ್ಷಕ್ಕಿಂತ ಕಡಿಮೆ ಅಂತರವಿದ್ದರೆ ಅನುಮಾನಪಡಿ.

ಬ್ರೆಜಿಲ್‌ನ ದಾಖಲೆಗಳಲ್ಲಿ ಹೆಸರು ಕಿವಿಗೆ ಬಿದ್ದಂತೆ ಬರೆದದ್ದು. ತಿದ್ದಿಸುವುದಾದರೆ ಇಸ್ಸೇಯ ಮದುವೆ ಪತ್ರದಿಂದ ಶುರುಮಾಡಿ ಕೆಳಗಿಳಿಯಿರಿ; ನಿಮ್ಮದನ್ನು ಮೊದಲು ತಿದ್ದಿಸಿದರೆ ತಂದೆಯ ಪತ್ರದೊಂದಿಗೆ ಹೊಂದದೆ ಎರಡನೇ ಸಲ ತಿದ್ದಿಸಬೇಕಾಗುತ್ತದೆ.